ಮೂವತ್ತೆರಡಕ್ಕೆ ಮುಚ್ಚೋ ಬಾಗಿಲು: ವಿಜ್ಞಾನಿಗಳ ಸಂಬಳದ ಲೆಕ್ಕ

ನಮಸ್ಕಾರ. ಮೈಸೂರಲ್ಲಿ ಎಂಎಸ್ಸಿ ಓದೋ ಮಕ್ಕಳಿರೋ ಮನೆಗಳಲ್ಲಿ ಒಂದಲ್ಲ ಒಂದು ದಿನ ಈ ಮಾತು ಬಂದೇ ಬರುತ್ತೆ: "ಸೈಂಟಿಸ್ಟ್ ಆದ್ರೆ ಸಂಬಳ ಎಷ್ಟು?" ಊರೂ ಅಂಥದ್ದೇ. ಚೆಲುವಾಂಬ ಮ್ಯಾನ್ಷನ್‌ನಲ್ಲಿ 1950ರಿಂದ ಆಹಾರ ತಂತ್ರಜ್ಞಾನದ ಸಿಎಫ್‌ಟಿಆರ್‌ಐ ಇದೆ. ಸಿದ್ಧಾರ್ಥನಗರದಲ್ಲಿ ಸೈನ್ಯದ ಆಹಾರದ ಮೇಲೆ ಸಂಶೋಧನೆ ಮಾಡೋ ಡಿಎಫ್‌ಆರ್‌ಎಲ್ ಇದೆ. ರೇಷ್ಮೆಗೊಂದು ಕೇಂದ್ರ ಸಂಸ್ಥೆ, ವಾಕ್ ಮತ್ತು ಶ್ರವಣಕ್ಕೊಂದು, ಮಾನಸಗಂಗೋತ್ರಿ ಅಂತೂ ಇದ್ದೇ ಇದೆ. ಒಂದು ರಸ್ತೆಗೆ ಒಬ್ಬರಾದರೂ ನಿವೃತ್ತ ವಿಜ್ಞಾನಿ ಸಿಗೋ ಊರು ಇದು. ಅವರ ಮನೆ, ಅವರ ಪೆನ್ಷನ್ ನೋಡಿ ಜನ ಲೆಕ್ಕ ಹಾಕ್ತಾರೆ.

ಮೊದಲು ಆ ಪ್ರಶ್ನೆಗೇ ಉತ್ತರ ಹೇಳಿಬಿಡೋಣ. ಸಿಎಫ್‌ಟಿಆರ್‌ಐ ಥರದ ಸಂಸ್ಥೆಗಳನ್ನ ನಡೆಸೋ ಸಿಎಸ್‌ಐಆರ್‌ನ ಲ್ಯಾಬ್‌ನಲ್ಲಿ ಕಾಯಂ ಸೈಂಟಿಸ್ಟ್ ಹುದ್ದೆ ಶುರುವಾಗೋದು 7ನೇ ವೇತನ ಆಯೋಗದ ಲೆವೆಲ್ 11ರಲ್ಲಿ. ಮೂಲ ವೇತನ 67,700 ರೂಪಾಯಿ. 2025ರ ಜನವರಿಯ ದರ ಹಿಡಿದರೆ ತುಟ್ಟಿಭತ್ಯೆ (ಡಿಎ) ಶೇ. 55, ಅಂದ್ರೆ 37,235. ಬಾಡಿಗೆ ಭತ್ಯೆಗೆ ಕೇಂದ್ರ ಊರುಗಳನ್ನ ಎಕ್ಸ್, ವೈ, ಝಡ್ ಅಂತ ವಿಂಗಡಿಸಿದೆ; ಮೈಸೂರು ವೈ ದರ್ಜೆಯ ಊರು, ಮನೆ ಬಾಡಿಗೆ ಭತ್ಯೆ ಶೇ. 20, ಅದು 13,540. ಸಾರಿಗೆ ಭತ್ಯೆ 3,600, ಅದರ ಮೇಲೂ ಡಿಎ ಸೇರಿ 5,580. ಎಲ್ಲ ಕೂಡಿದರೆ 1,24,055. ಇದರಲ್ಲಿ ಎನ್‌ಪಿಎಸ್ ಅನ್ನೋ ಪಿಂಚಣಿ ಖಾತೆಗೆ ಮೂಲ ವೇತನ ಮತ್ತು ಡಿಎ ಮೇಲೆ ಶೇ. 10, ಸುಮಾರು ಹತ್ತೂವರೆ ಸಾವಿರ, ಮುರಿದುಕೊಳ್ಳುತ್ತಾರೆ. ಇಷ್ಟು.

ಲೆಕ್ಕ ಸರಿಯಾಗಿದೆ. ಆದರೆ ಒಬ್ಬ ಹುಡುಗನೋ ಹುಡುಗಿಯೋ ಈ ದಾರಿಗೆ ಬರಬೇಕಾ ಬೇಡವಾ ಅಂತ ನಿರ್ಧರಿಸೋಕೆ ಈ ಅಂಕಿ ಏನೂ ಸಹಾಯ ಮಾಡಲ್ಲ. ಈ ಸಂಬಳ ಎಷ್ಟು ಅನ್ನೋದಕ್ಕಿಂತ ಯಾವ ವಯಸ್ಸಿಗೆ ಕೈಗೆ ಬರುತ್ತೆ, ಅಲ್ಲಿವರೆಗೆ ಮನೆ ಯಾರು ನಡೆಸ್ತಾರೆ ಅನ್ನೋದೇ ಇಡೀ ವೃತ್ತಿಯಲ್ಲಿ ಯಾರು ಉಳೀತಾರೆ, ಯಾರು ಬಿಟ್ಟು ಹೋಗ್ತಾರೆ ಅಂತ ತೀರ್ಮಾನ ಮಾಡುತ್ತೆ.

ವಯಸ್ಸಿನ ಲೆಕ್ಕ ನೋಡಿ. ಬಿಎಸ್ಸಿ ಮುಗಿಯೋದು 21ಕ್ಕೆ, ಎಂಎಸ್ಸಿ 23ಕ್ಕೆ. ಫೆಲೋಶಿಪ್‌ಗೆ ಬೇಕಾದ ನೆಟ್ ಪರೀಕ್ಷೆ, ಗೈಡ್ ಹುಡುಕೋದು, ರಿಜಿಸ್ಟ್ರೇಷನ್ ಅಂತ ಒಂದು ವರ್ಷ. 24ಕ್ಕೆ ಪಿಎಚ್‌ಡಿ ಶುರು. ಪ್ರಯೋಗ ಇರೋ ವಿಷಯದಲ್ಲಿ ಐದು ವರ್ಷಕ್ಕೆ ಕಡಿಮೆ ಮುಗಿಸಿದವರು ಅಪರೂಪ. ಥೀಸಿಸ್ ಕೊಟ್ಟ ಮೇಲೆ ಹೊರಗಿನ ಪರೀಕ್ಷಕರ ವರದಿ ಬರಬೇಕು, ವೈವಾ ಆಗಬೇಕು, ಅಲ್ಲೊಂದಿಷ್ಟು ತಿಂಗಳು. ಅಲ್ಲಿಗೆ 30. ಎರಡು ವರ್ಷ ಪೋಸ್ಟ್‌ಡಾಕ್, ಅಂದ್ರೆ ಪಿಎಚ್‌ಡಿ ಆದ ಮೇಲಿನ ತಾತ್ಕಾಲಿಕ ಸಂಶೋಧನೆ, ಮಾಡದೆ ಅರ್ಜಿ ಹಾಕಿದರೆ ಇಂಟರ್‌ವ್ಯೂಗೆ ಕರೆಯೋದೇ ಕಷ್ಟ. ಅದೂ ಮುಗೀತು, 32. ಸಿಎಸ್‌ಐಆರ್‌ನಲ್ಲಿ ಲೆವೆಲ್ 11ರ ಸೈಂಟಿಸ್ಟ್ ಹುದ್ದೆಗೆ ಸಾಮಾನ್ಯ ವರ್ಗದ ಗರಿಷ್ಠ ವಯಸ್ಸು ಎಷ್ಟು ಗೊತ್ತಾ? ಅದೇ 32. ಒಬಿಸಿಗೆ ಮೂರು ವರ್ಷ, ಎಸ್‌ಸಿ ಎಸ್‌ಟಿಗೆ ಐದು ವರ್ಷ ಸಡಿಲಿಕೆ ಇದೆ. ಆದರೂ ಎಲ್ಲ ಸರಿಯಾಗಿ ನಡೆದವರಿಗೂ ಸಿಗೋ ಕಿಂಡಿ ಒಂದೆರಡು ವರ್ಷದ್ದು. ಆ ಒಂದೆರಡು ವರ್ಷದಲ್ಲಿ ಜಾಹೀರಾತು ಬರಬೇಕು, ಬಂದ ಜಾಹೀರಾತಿನಲ್ಲಿ ನಿಮ್ಮದೇ ವಿಷಯದ ಹುದ್ದೆ ಇರಬೇಕು. ಧಾನ್ಯ ಸಂಸ್ಕರಣೆಯಲ್ಲಿ ಪಿಎಚ್‌ಡಿ ಮಾಡಿದವರಿಗೆ, ಆ ವರ್ಷ ಕರೆದದ್ದು ಮೈಕ್ರೋಬಯಾಲಜಿ ಅಂದ್ರೆ, ಬಾಗಿಲು ಮುಚ್ಚಿತು ಅಂತಲೇ ಲೆಕ್ಕ.

ಈಗ ಆ ನಡುವಿನ ವರ್ಷಗಳ ದುಡ್ಡಿಗೆ ಬನ್ನಿ. ಪಿಎಚ್‌ಡಿ ಮಾಡೋರಿಗೆ ತಿಂಗಳಿಗೆ ಕೊಡೋ ಫೆಲೋಶಿಪ್, ಜೆಆರ್‌ಎಫ್, 2010ರಲ್ಲಿ 16,000 ಇತ್ತು. 2014ರ ಅಕ್ಟೋಬರ್‌ನಿಂದ 25,000. 2019ರ ಜನವರಿಯಿಂದ 31,000. 2023ರ ಜನವರಿಯಿಂದ 37,000, ಆ ಆದೇಶ ಬಂದದ್ದು ಜೂನ್‌ನಲ್ಲಿ. ಮೊದಲ ಎರಡು ವರ್ಷ ಜೆಆರ್‌ಎಫ್, ಆಮೇಲಿನ ಮೂರು ವರ್ಷ ಎಸ್‌ಆರ್‌ಎಫ್, ಅದು ಈಗ 42,000. ಪಟ್ಟಿ ನೋಡಿದರೆ ಏರ್ತಾನೇ ಇದೆ ಅನ್ಸುತ್ತೆ. ಮೋಸ ಇರೋದು ನಡುವಿನ ಅಂತರದಲ್ಲಿ. ಫೆಲೋಶಿಪ್‌ಗೆ ಡಿಎ ಇಲ್ಲ. ಒಂದು ಸಲ ಏರಿಸಿದ ಮೇಲೆ ನಾಲ್ಕು ವರ್ಷ ಅಲ್ಲೇ ಕೂತಿರುತ್ತೆ. ವಿದ್ಯಾರ್ಥಿಗಳು ಬೀದಿಗೆ ಇಳಿದು ಕೂಗಿದ ಮೇಲೆ ಇನ್ನೊಂದು ಸಲ ಏರುತ್ತೆ.

ಅದೇ ಲ್ಯಾಬ್‌ನ ಕಾಯಂ ನೌಕರರಿಗೆ ಆರು ತಿಂಗಳಿಗೊಮ್ಮೆ ಡಿಎ ಪರಿಷ್ಕರಣೆ ಆಗುತ್ತೆ. 2019ರ ಜನವರಿಯಲ್ಲಿ ಡಿಎ ಶೇ. 12 ಇತ್ತು, 2025ರ ಜನವರಿಗೆ ಶೇ. 55. 31,000ವನ್ನು ಅದೇ ಡಿಎಗೆ ಕಟ್ಟಿಹಾಕಿದ್ದರೆ ಏನಾಗ್ತಿತ್ತು? 31,000ವನ್ನು 1.55ರಿಂದ ಗುಣಿಸಿ 1.12ರಿಂದ ಭಾಗಿಸಿ: 42,902. ಕೈಗೆ ಬರ್ತಿರೋದು 37,000. ಅಂದ್ರೆ ತಿಂಗಳಿಗೆ 5,900 ರೂಪಾಯಿ ಯಾರೂ ಕಿತ್ತುಕೊಳ್ಳದೇನೇ ಹೋಗಿದೆ. ಸರಿ, 2019 ಬೇಡ, 2023ರ ಏರಿಕೆಯಿಂದಲೇ ಲೆಕ್ಕ ಹಾಕೋಣ ಅಂದ್ರೂ 40,387 ಆಗಬೇಕಿತ್ತು. ಅಲ್ಲೂ 3,387 ಕಡಿಮೆ. 8ನೇ ವೇತನ ಆಯೋಗ ಅಂತ ಕ್ಯಾಂಟೀನ್‌ನಲ್ಲಿ ಎಲ್ಲರೂ ಗುಣಾಕಾರ ಹಾಕ್ತಾ ಕೂತಾಗ ಸ್ಕಾಲರ್‌ಗಳು ಕಾಫಿ ಕುಡಿದು ಎದ್ದು ಹೋಗ್ತಾರೆ, ಯಾಕಂದ್ರೆ ಆ ಆಯೋಗದಲ್ಲಿ ಅವರ ಸಾಲೇ ಇಲ್ಲ.

ಇನ್ನು ಪ್ರಾಜೆಕ್ಟ್ ಸ್ಟಾಫ್, ಅಂದ್ರೆ ಒಂದು ಸಂಶೋಧನಾ ಪ್ರಾಜೆಕ್ಟ್ ಇರೋವರೆಗೆ ಮಾತ್ರ ಕೆಲಸ ಇರೋರು. ಇವರ ಬಗ್ಗೆ ಯಾರೂ ಮಾತಾಡಲ್ಲ, ಆದರೆ ಲ್ಯಾಬ್‌ನ ಬಹುಪಾಲು ಕೈಕೆಲಸ ಇವರದೇ. ಕೇಂದ್ರ ವಿಜ್ಞಾನ ಇಲಾಖೆಯ 2020ರ ಆದೇಶದಲ್ಲಿ ಪ್ರಾಜೆಕ್ಟ್ ಅಸೋಸಿಯೇಟ್-1ಕ್ಕೆ ನೆಟ್ ಅಥವಾ ಗೇಟ್ ಪರೀಕ್ಷೆ ಪಾಸಾಗಿದ್ದರೆ 31,000, ಇಲ್ಲದಿದ್ದರೆ 25,000, ಜೊತೆಗೆ ಬಾಡಿಗೆ ಭತ್ಯೆ. ಅಕ್ಕಪಕ್ಕ ಕೂತು ಒಂದೇ ಮಷೀನ್ ಓಡಿಸೋ ಇಬ್ಬರಿಗೆ ಆರು ಸಾವಿರ ವ್ಯತ್ಯಾಸ. ನೆಟ್ ಪಾಸಾದವರಿಗೆ ಸ್ವಲ್ಪ ಹೆಚ್ಚು ಕೊಡಲಿ, ತಕರಾರಿಲ್ಲ. ಆದರೆ ಐದು ವರ್ಷ ಎಚ್‌ಪಿಎಲ್‌ಸಿ (ದ್ರವದಲ್ಲಿರೋ ಅಂಶಗಳನ್ನ ಬೇರ್ಪಡಿಸಿ ಅಳೆಯೋ ಮಷೀನ್) ಓಡಿಸಿದ ಅನುಭವ ಆ ಎರಡು ಪತ್ರಕ್ಕೆ ಸಮ ಅಲ್ಲ ಅನ್ನೋದು ಲ್ಯಾಬ್ ಒಳಗೆ ಕೆಲಸ ಮಾಡದವರು ಬರೆದ ನಿಯಮ.

ಎಚ್‌ಪಿಎಲ್‌ಸಿ ಅಂದೆ, ಅಲ್ಲೇ ಸ್ವಲ್ಪ ನಿಲ್ಲೋಣ. ಪ್ರಾಜೆಕ್ಟ್ ಮುಗಿದು ಅನುಭವಿ ಹೋದರೆ ಏನು ನಷ್ಟ ಅನ್ನೋದು ಇಲ್ಲಿ ಕಣ್ಣಿಗೆ ಕಾಣುತ್ತೆ. ದಿನವಿಡೀ ಫಾಸ್ಫೇಟ್ ಬಫರ್, ಅಂದ್ರೆ ಉಪ್ಪು ಕರಗಿದ ನೀರು, ಓಡಿಸಿರ್ತೀರಿ. ಸಂಜೆ ಕಾಲಂ (ಅಂಶಗಳು ಬೇರೆಯಾಗೋ ಕೊಳವೆ) ತೊಳೆಯುವಾಗ ಮೊದಲು ಬಫರ್ ಇಲ್ಲದೆ, ಬರೀ ನೀರಿಗೆ ಶೇ. 5ರಿಂದ 10 ಅಸಿಟೋನೈಟ್ರೈಲ್ ಅನ್ನೋ ಸಾಲ್ವೆಂಟ್ ಸೇರಿಸಿ ಅರ್ಧ ಗಂಟೆ ಹಾಯಿಸಬೇಕು. ಉಪ್ಪು ಹೋದ ಮೇಲೇ ಶುದ್ಧ ಸಾಲ್ವೆಂಟ್. ಹೊಸಬರು ಅವಸರದಲ್ಲಿ ನೇರ ಅಸಿಟೋನೈಟ್ರೈಲ್ ಬಿಡ್ತಾರೆ. ಬಫರ್‌ನ ಉಪ್ಪು ಕಾಲಂ ಒಳಗೇ, ಪಂಪಿನ ವಾಲ್ವ್‌ನಲ್ಲೇ ಹರಳುಗಟ್ಟುತ್ತೆ. ಮಾರನೇ ದಿನ ಪ್ರೆಷರ್ ಏರಿ ಮಷೀನ್ ತಾನೇ ನಿಲ್ಲುತ್ತೆ. ಮೊಬೈಲ್ ಫೇಸನ್ನ (ಕಾಲಂ ಮೂಲಕ ಹಾಯಿಸೋ ದ್ರವವನ್ನ) 0.45 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸದೆ ಹಾಕಿದರೂ ಹಣೆಬರಹ ಅದೇ. ಕಾಲಂ ಹೊಸದು ತರಿಸೋದು ಅಂದ್ರೆ ಇಂಡೆಂಟ್, ಕೊಟೇಷನ್, ಖರೀದಿ ಸಮಿತಿ, ಅಲ್ಲಿವರೆಗೆ ಸ್ಯಾಂಪಲ್‌ಗಳು ಫ್ರೀಜರ್‌ನಲ್ಲಿ. ತಿಂಗಳಿಗೆ ಆರು ಸಾವಿರ ಉಳಿಸಿದ್ದಕ್ಕೆ ಬಿದ್ದ ದಂಡ ಇದು, ಆದರೆ ಯಾವ ಬಜೆಟ್ ಪಟ್ಟಿಯಲ್ಲೂ ಈ ಖರ್ಚಿಗೆ ಒಂದು ಶೀರ್ಷಿಕೆ ಇರಲ್ಲ.

ಮಂಡ್ಯದ ಕಡೆ ಹೋದರೆ ಇದೇ ಸಮಸ್ಯೆಗೆ ಇನ್ನೊಂದು ಮುಖ. ಅಲ್ಲಿನ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂ ಅಂದ್ರೆ ಭತ್ತ. ಕೆಆರ್‌ಎಚ್-2 ಅನ್ನೋ ಹೈಬ್ರಿಡ್ ಭತ್ತ ಅಲ್ಲಿಂದಲೇ ಬಂದದ್ದು, 1996ರಲ್ಲಿ. ಒಂದು ತಳಿ ಹೊರಬರೋಕೆ ಎಂಟು ಹತ್ತು ವರ್ಷ ಬೇಕು: ಸಂಕರ ಮಾಡಿ, ತಲೆಮಾರಿನಿಂದ ತಲೆಮಾರಿಗೆ ಆರಿಸ್ತಾ ಹೋಗಿ, ಆಮೇಲೆ ಹಲವು ಕಡೆ ಬೆಳೆದು ನೋಡಬೇಕು. ಹೈಬ್ರಿಡ್ ಬೀಜದ ಗದ್ದೆಯಲ್ಲಿ ಗಂಡು ಸಾಲು ಹೆಣ್ಣು ಸಾಲು ಒಟ್ಟಿಗೆ ಹೂ ಬಿಡೋ ಹಾಗೆ ಬಿತ್ತನೆ ದಿನ ಹೊಂದಿಸಬೇಕು, ಬೆಳಗ್ಗೆ ಹೂ ಅರಳೋ ಹೊತ್ತಿಗೆ ಸರಿಯಾಗಿ ಹಗ್ಗ ಎಳೆದು ಪರಾಗ ಬೀಳಿಸಬೇಕು. ನಾಲ್ಕು ದಿನ ಹಿಂದೆ ಮುಂದೆ ಆದರೆ ಕಾಳು ಸರಿಯಾಗಿ ಕಟ್ಟಲ್ಲ. ಯಾವ ಹಂಗಾಮಿಗೆ ಎಷ್ಟು ದಿನ ಅಂತರ ಕೊಡಬೇಕು ಅನ್ನೋದು ಗದ್ದೆ ಬದು ಮೇಲೆ ನಿಂತು ಕಲಿತ ವಿದ್ಯೆ. ಆದರೆ ಪ್ರಾಜೆಕ್ಟ್ ಸಾಮಾನ್ಯವಾಗಿ ಮೂರು ವರ್ಷದ್ದು. ಬೆಳೆಗೆ ಹತ್ತು ವರ್ಷ, ಬೆಳೆ ನೋಡಿಕೊಳ್ಳೋ ಹುಡುಗನಿಗೆ ಮೂರು ವರ್ಷ! ಮತ್ತೆ ಮಂಡ್ಯ ಝಡ್ ದರ್ಜೆಯ ಊರು. ಈಗಿನ ಕೇಂದ್ರದ ದರ ಅನ್ವಯಿಸಿದರೆ 37,000ಕ್ಕೆ ಬಾಡಿಗೆ ಭತ್ಯೆ ಬೆಂಗಳೂರಲ್ಲಿ 11,100, ಮೈಸೂರಲ್ಲಿ 7,400, ಮಂಡ್ಯದಲ್ಲಿ 3,700. ಮನೆ ಬಾಡಿಗೆ ಕಡಿಮೆ ಇರಬಹುದು, ಒಪ್ಪೋಣ. ಸಾಲ್ವೆಂಟು, ಪುಸ್ತಕ, ಸಮ್ಮೇಳನಕ್ಕೆ ಹೋಗೋ ರೈಲು ಟಿಕೆಟ್ಟು ಮಂಡ್ಯಕ್ಕೆ ಅಂತ ಅಗ್ಗ ಆಗಲ್ಲ.

ಹೆಣ್ಣುಮಕ್ಕಳ ಲೆಕ್ಕ ಇದಕ್ಕೇ ಸೇರಿಕೊಂಡಿದೆ, ಬೇರೆ ವಿಷಯ ಅಲ್ಲ. ಉನ್ನತ ಶಿಕ್ಷಣದ ಅಖಿಲ ಭಾರತ ಸಮೀಕ್ಷೆ, 2021-22: ವಿಜ್ಞಾನ ಓದ್ತಿರೋ 57.2 ಲಕ್ಷದಲ್ಲಿ 29.8 ಲಕ್ಷ ಹೆಣ್ಣುಮಕ್ಕಳು. ಅರ್ಧಕ್ಕಿಂತ ಜಾಸ್ತಿ. ಎಲ್ಲ ವಿಷಯಗಳ ಪಿಎಚ್‌ಡಿ ಸೇರಿಸಿದರೆ 2.12 ಲಕ್ಷದಲ್ಲಿ ಸುಮಾರು 99 ಸಾವಿರ. ಈಗ ಸಂಶೋಧನೆಯನ್ನೇ ಕೆಲಸ ಮಾಡಿಕೊಂಡಿರೋರನ್ನ ನೋಡಿ: ಕೇಂದ್ರ ವಿಜ್ಞಾನ ಇಲಾಖೆಯ 2019-20ರ ಅಂಕಿಅಂಶ ವರದಿಯಲ್ಲಿ ಹೆಣ್ಣುಮಕ್ಕಳ ಪಾಲು ಶೇ. 16.6. ತರಗತಿಯಲ್ಲಿ ಇದ್ದವರು ಎಲ್ಲಿ ಹೋದರು? "ಆಸಕ್ತಿ ಕಡಿಮೆ" ಅಂತ ಇನ್ನೂ ಹೇಳೋರಿದ್ದಾರೆ. ಆಸಕ್ತಿ ಇಲ್ಲದೆ ಆರು ವರ್ಷ ಪಿಎಚ್‌ಡಿ ಮಾಡಿದರಾ?

ಆ 24ರಿಂದ 32ರವರೆಗಿನ ವರ್ಷಗಳನ್ನೇ ಮತ್ತೆ ನೋಡಿ. ಮದುವೆ, ಮೊದಲ ಮಗು, ಗಂಡನ ಕೆಲಸ ಬೆಂಗಳೂರಲ್ಲಿ, ಎಲ್ಲ ಬರೋದು ಅಲ್ಲೇ. ಕೇಂದ್ರದ ಕಾಯಂ ನೌಕರಿಯಲ್ಲಿರೋ ಹೆಂಗಸಿಗೆ 180 ದಿನ ಹೆರಿಗೆ ರಜೆ, ಅದರ ಮೇಲೆ ಒಟ್ಟು 730 ದಿನ ಶಿಶುಪಾಲನಾ ರಜೆ. ಪಿಎಚ್‌ಡಿ ಮಾಡೋ ಹೆಣ್ಣುಮಗಳಿಗೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮದಲ್ಲಿ ಇಡೀ ಅವಧಿಗೆ 240 ದಿನದವರೆಗೆ ರಜೆ. ಪಿಎಚ್‌ಡಿ ಮುಗಿಸೋಕೆ ಹೆಚ್ಚುವರಿ ಎರಡು ವರ್ಷ ಸಡಿಲಿಕೆಯೂ ಇದೆ. ಒಳ್ಳೇದೇ. ಆದರೆ ಸಡಿಲಿಸಿದ್ದು ಗಡುವನ್ನು. ಫೆಲೋಶಿಪ್ ಒಟ್ಟು ಐದು ವರ್ಷದ್ದು. ಆರನೇ ವರ್ಷ ಲ್ಯಾಬ್‌ಗೆ ಬರಬಹುದು, ದುಡ್ಡು ಬರಲ್ಲ. ಪ್ರಾಜೆಕ್ಟ್‌ನಲ್ಲಿರೋರಿಗಂತೂ ರಜೆ ನಡುವೆಯೇ ಪ್ರಾಜೆಕ್ಟ್ ಮುಗಿದರೆ ವಾಪಸ್ ಬರೋಕೆ ಜಾಗವೇ ಇರಲ್ಲ. ಬಿಟ್ಟವರನ್ನ ವಾಪಸ್ ಕರೆಯೋಕೆ ಅಂತ ವೈಸ್-ಕಿರಣ್ ಥರದ ಯೋಜನೆಗಳಿವೆ. ಅವು ಕೊಡೋದೂ ಮತ್ತೊಂದು ಮೂರು ವರ್ಷದ ಫೆಲೋಶಿಪ್. 40 ವರ್ಷದ ಹೆಂಗಸಿಗೆ ಫೆಲೋಶಿಪ್ ಕೊಟ್ಟು ಆಮೇಲೆ ಯಾವ ಹುದ್ದೆಗೆ ಅರ್ಜಿ ಹಾಕು ಅಂತೀರಿ, 32ರ ಮಿತಿ ಇರೋ ಹುದ್ದೆಗಾ?

ಇನ್ನು ಕಾಲೇಜಿನ ಕಡೆ ತಿರುಗಿದವರ ಕಥೆ ನಿಮಗೇ ಗೊತ್ತು. ಕಾಯಂ ಅಸಿಸ್ಟೆಂಟ್ ಪ್ರೊಫೆಸರ್ ಆದರೆ ಮೂಲ ವೇತನವೇ 57,700. ಅತಿಥಿ ಉಪನ್ಯಾಸಕರಿಗೆ ಗರಿಷ್ಠ ಅಂದ್ರೆ ತಿಂಗಳಿಗೆ 50,000ದವರೆಗೆ ಕೊಡಬಹುದು ಅಂತ ಯುಜಿಸಿ 2019ರಲ್ಲೇ ಹೇಳಿದೆ. ನಮ್ಮ ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳಲ್ಲಿ 2022ರಲ್ಲಿ ದೊಡ್ಡ ಏರಿಕೆ ಅಂತ ಮಾಡಿದಾಗಲೂ ಅರ್ಹತೆ, ಅನುಭವ ಎರಡೂ ಇದ್ದವರಿಗೆ ನಿಂತದ್ದು 32,000ಕ್ಕೆ.

"ದುಡ್ಡೆಲ್ಲಿಂದ ತರೋದು" ಅನ್ನೋ ಪ್ರಶ್ನೆ ಬರುತ್ತೆ. ದೇಶ ಸಂಶೋಧನೆಗೆ ಖರ್ಚು ಮಾಡೋದು ಜಿಡಿಪಿಯ ಶೇ. 0.64, 2020-21ರಲ್ಲಿ 1,27,381 ಕೋಟಿ. ಫೆಲೋಶಿಪ್‌ಗೆ ಡಿಎ ಜೋಡಿಸಿದರೆ 2025ರ ಜನವರಿ ದರದಲ್ಲಿ ವ್ಯತ್ಯಾಸ ತಲೆಗೆ ತಿಂಗಳಿಗೆ 3,387, ವರ್ಷಕ್ಕೆ 40,644. ಹತ್ತು ಸಾವಿರ ಜನಕ್ಕೆ 40 ಕೋಟಿ ಚಿಲ್ಲರೆ. ಇದು ಆಗದ ಮಾತು ಅಂತ ನಾವು ಒಪ್ಪಲ್ಲ. ಇನ್ನೊಂದಕ್ಕೆ ಖರ್ಚೇ ಇಲ್ಲ: ಪ್ರತಿ ಸಂಸ್ಥೆ ತನ್ನ ವಾರ್ಷಿಕ ವರದಿಯಲ್ಲಿ ಕಾಯಂ ಎಷ್ಟು ಜನ, ಫೆಲೋ ಎಷ್ಟು, ಪ್ರಾಜೆಕ್ಟ್ ಸ್ಟಾಫ್ ಎಷ್ಟು, ಪ್ರತಿ ಗುಂಪಿನಲ್ಲಿ ಗಂಡಸರೆಷ್ಟು ಹೆಂಗಸರೆಷ್ಟು, ಐದು ವರ್ಷದ ಹಿಂದೆ ಸೇರಿದವರಲ್ಲಿ ಉಳಿದವರೆಷ್ಟು ಅಂತ ಒಂದೇ ಪುಟದ ಪಟ್ಟಿ ಹಾಕಲಿ. ವಯಸ್ಸಿನ ಮಿತಿಯನ್ನ ಹುಟ್ಟಿದ ದಿನದಿಂದ ಎಣಿಸೋ ಬದಲು ಪಿಎಚ್‌ಡಿ ಆದ ದಿನದಿಂದ ಎಣಿಸಲಿ. ಈ ಮೂರರಲ್ಲಿ ಒಂದನ್ನೇ ಕೇಳಿ ಅಂದ್ರೆ ನಾವು ಕೇಳೋದು ಕೊನೆಯದನ್ನ.

ಇದೆಲ್ಲ ಬದಲಾಗೋವರೆಗೆ ಈ ವರ್ಷವೇ ಸೇರ್ತಿರೋರು ಒಂದಿಷ್ಟು ನೋಡಿಕೊಳ್ಳಿ. ಪ್ರಾಜೆಕ್ಟ್‌ಗೆ ಸೇರೋ ಮುಂಚೆ ಮಂಜೂರಾತಿ ಪತ್ರ ಕೇಳಿ ನೋಡಿ, ಮುಗಿಯೋ ದಿನಾಂಕ ಅದರಲ್ಲೇ ಇರುತ್ತೆ. ಮೂರು ವರ್ಷದ ಪ್ರಾಜೆಕ್ಟ್‌ನಲ್ಲಿ ಎರಡು ವರ್ಷ ಆಗಲೇ ಕಳೆದಿರುತ್ತೆ, ಜಾಹೀರಾತಿನಲ್ಲಿ ಅದು ಕಾಣಲ್ಲ. ಬಾಡಿಗೆ ಭತ್ಯೆ ಯಾವ ದರ ಅಂತಲೂ ಅಲ್ಲೇ ನೋಡಿ, ಹಳೇ ಪತ್ರಗಳಲ್ಲಿ ಹಳೇ ದರ ಇರುತ್ತೆ. ಹಾಸ್ಟೆಲ್ ರೂಮ್ ತಗೊಂಡರೆ ಬಾಡಿಗೆ ಭತ್ಯೆ ಇಲ್ಲ, ಹಾಗಾಗಿ ಬೋಗಾದಿ ಕಡೆ ಇಬ್ಬರು ಸೇರಿ ಮನೆ ಮಾಡೋದು ವಾಸಿಯಾ, ಹಾಸ್ಟೆಲ್ ವಾಸಿಯಾ ಅಂತ ಸೇರೋ ದಿನವೇ ಲೆಕ್ಕ ಹಾಕಿ. ಎರಡು ವರ್ಷಕ್ಕೆ ಜೆಆರ್‌ಎಫ್‌ನಿಂದ ಎಸ್‌ಆರ್‌ಎಫ್ ಮಾಡೋ ಸಮಿತಿಯಲ್ಲಿ ಹೊರಗಿನ ತಜ್ಞರು ಇರಬೇಕು. ಅವರ ದಿನಾಂಕ ಸಿಗೋದೇ ತಡ ಆಗೋದು, 22ನೇ ತಿಂಗಳಿಗೇ ಗೈಡ್‌ಗೆ ನೆನಪು ಮಾಡಿ. ಆರು ತಿಂಗಳು ತಡ ಆದರೆ 30,000 ಬಾಕಿ ನಿಲ್ಲುತ್ತೆ. ಯುಜಿಸಿ ಫೆಲೋಶಿಪ್ ಆದರೆ ಪ್ರತಿ ತಿಂಗಳು ನಿಮ್ಮ ವಿಶ್ವವಿದ್ಯಾಲಯದಲ್ಲಿ ಒಬ್ಬರು 'ಮೇಕರ್' ಆಗಿ ನಿಮ್ಮ ಹೆಸರು ದಾಖಲಿಸಬೇಕು, ಇನ್ನೊಬ್ಬರು 'ಚೆಕರ್' ಆಗಿ ಒಪ್ಪಬೇಕು. ಇಬ್ಬರಲ್ಲಿ ಒಬ್ಬರು ರಜೆ ಹಾಕಿದರೂ ಆ ತಿಂಗಳ ದುಡ್ಡು ನಿಲ್ಲುತ್ತೆ, ನೀವು ಕೈಸಾಲಕ್ಕೆ ಇಳೀಬೇಕಾಗುತ್ತೆ. ದಸರಾ ರಜೆಗೆ ಮುಂಚೆ ಆ ಸೆಕ್ಷನ್‌ಗೆ ಹೋಗಿ ಎರಡೂ ಆಗಿದೆಯಾ ಅಂತ ಕೇಳಿಕೊಂಡೇ ಊರಿಗೆ ಬಸ್ ಹತ್ತಿ.