ಶಟರ್ ಮೇಲೆ ನೋಟಿಸ್ ಎಲ್ಲಿ?

ಎಲ್ಲರಿಗೂ ನಮಸ್ಕಾರ. ಇವತ್ತು ಮಾರ್ಚ್ 24. 2015ರಲ್ಲಿ ಇದೇ ದಿನ ಸುಪ್ರೀಂ ಕೋರ್ಟ್ ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆಯಲ್ಲಿ, ಆನ್‌ಲೈನಿನಲ್ಲಿ ಬರೆದದ್ದು ಕಿರಿಕಿರಿ ಅನ್ನಿಸಿದರೂ ಜೈಲಿಗೆ ಹಾಕಬಹುದಾಗಿದ್ದ 66ಎ ಕಲಮನ್ನು ರದ್ದು ಮಾಡಿತು. ಆ ಶ್ರೇಯಾ ಸಿಂಘಾಲ್ ಪ್ರಕರಣ ಕಾನೂನು ಓದುವ ನಿಮಗೆ ಪಾಠವೇ ಆಗಿರುತ್ತದೆ, ಮತ್ತೆ ಹೇಳುವುದಿಲ್ಲ. ಅವತ್ತು ನಾವು ವಕೀಲರು ಸಿಹಿ ಹಂಚಿದೆವು. ಆದರೆ ಅದೇ ತೀರ್ಪಿನಲ್ಲಿ 69ಎ ಉಳಿದುಕೊಂಡಿತು. ವೆಬ್‌ಸೈಟ್ ಮುಚ್ಚಿಸುವ ಅಧಿಕಾರ ಇರುವುದು ಅದರಲ್ಲೇ. ನನ್ನ ಮಾತು ಅದರ ಬಗ್ಗೆ.

ಮೊದಲೇ ಹೇಳಿಬಿಡುತ್ತೇನೆ. ಹೊಡಿ, ಬಡಿ, ಕೊಲ್ಲು ಅನ್ನುವ ವೆಬ್‌ಸೈಟನ್ನು ಮುಟ್ಟಲೇಬಾರದು ಅನ್ನುವವನಲ್ಲ ನಾನು. ಯಾಕೆ ಅಂದರೆ 2012ರ ಆಗಸ್ಟ್‌ ತಿಂಗಳನ್ನು ನಾನು ಬೆಂಗಳೂರಿನಲ್ಲಿದ್ದು ನೋಡಿದ್ದೇನೆ. ಅಸ್ಸಾಮಿನ ಗಲಭೆಗೆ ಇಲ್ಲಿ ಸೇಡು ತೀರಿಸುತ್ತಾರೆ ಅನ್ನುವ ವದಂತಿ ಹಬ್ಬಿ ಈಶಾನ್ಯ ರಾಜ್ಯಗಳ ಜನ ಊರು ಬಿಟ್ಟ ತಿಂಗಳು ಅದು. ನೀವು ಆಗ ಪ್ರೈಮರಿ ಸ್ಕೂಲಿನಲ್ಲಿದ್ದಿರಿ, ಅಲ್ವಾ?

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅಸ್ಸಾಮಿನ ಹುಡುಗನೊಬ್ಬ ಸೆಕ್ಯೂರಿಟಿ ಕೆಲಸಕ್ಕಿದ್ದ. ಆಗಸ್ಟ್ 15ರ ಬೆಳಿಗ್ಗೆ ಧ್ವಜಕ್ಕೆ ಹಗ್ಗ ಕಟ್ಟಿದ್ದು ಅವನೇ. ಸಂಜೆ ಬ್ಯಾಗ್ ಹೆಗಲಿಗೆ ಹಾಕಿಕೊಂಡು ಬಂದು ಗೇಟಿನ ಬೀಗದ ಕೈ ನನ್ನ ಕೈಗಿಟ್ಟ. ‘ಅಂಕಲ್, ನಾನು ಊರಿಗೆ ಹೋಗ್ತೀನಿ’ ಅಂದ. ಫೋನ್ ತೋರಿಸಿದ. ಇಪ್ಪತ್ತನೇ ತಾರೀಖಿನೊಳಗೆ ಬೆಂಗಳೂರು ಬಿಡಿ, ಇಲ್ಲದಿದ್ದರೆ ಜೀವ ಉಳಿಯುವುದಿಲ್ಲ ಅಂತ ಮೆಸೇಜು. ಯಾರು ಕಳಿಸಿದ್ದಪ್ಪಾ ಅಂದರೆ, ಮಾವನ ಮಗ ಅಂದ. ಮಾವನ ಮಗನಿಗೆ ಕಳಿಸಿದವರು ಯಾರೋ.

ಸಿಟಿ ರೈಲ್ವೆ ಸ್ಟೇಷನ್ನಿಗೆ ಬಿಡಲು ಹೋದೆ. ಪ್ಲಾಟ್‌ಫಾರಂನಲ್ಲಿ ಕಾಲಿಡಲು ಜಾಗ ಇಲ್ಲ. ಗುವಾಹಟಿಗೆ ವಿಶೇಷ ರೈಲು ಬಿಟ್ಟಿದ್ದರು. ಒಬ್ಬ ಹೆಣ್ಣುಮಗಳು ಕುಕ್ಕರ್ ತಬ್ಬಿಕೊಂಡು ಕೂತಿದ್ದಳು. ಒಳಗಿದ್ದ ಅನ್ನ ಇನ್ನೂ ಆರಿರಲಿಲ್ಲ. ಅಡುಗೆ ಆದ ಮೇಲೆ ಊಟಕ್ಕೂ ಕೂರದೆ ಎದ್ದು ಬಂದಿದ್ದಾಳೆ ನೋಡಿ. ಸರ್ಕಾರದವರೆಲ್ಲ ‘ಹೋಗಬೇಡಿ, ನಾವಿದ್ದೇವೆ’ ಅಂತ ಹೇಳಿದರು. ನಮ್ಮ ಹುಡುಗ ರೈಲಿನಿಂದ ಇಳಿಯಲಿಲ್ಲ. ಹಾಗೆ ಹೋದವರು ಸಾವಿರಾರು ಜನ.

ಅದೇ ವಾರ ನಮ್ಮ ಬೀದಿಯ ಟೈಲರ್ ಭಾಯಿ ನನಗೆ ಇನ್ನೊಂದು ಫೋನ್ ತೋರಿಸಿದರು. ಸಾಲು ಸಾಲು ಹೆಣ, ಪಕ್ಕದಲ್ಲಿ ಕೆಂಪು ಬಟ್ಟೆಯ ಬೌದ್ಧ ಭಿಕ್ಷುಗಳು. ಬರ್ಮಾದಲ್ಲಿ ಮುಸ್ಲಿಮರನ್ನು ಕೊಂದು ಹಾಕಿದ್ದು ಅಂತ ಕೆಳಗೆ ಬರೆದಿತ್ತು. ಅವರ ಕೈ ನಡುಗುತ್ತಿತ್ತು. ಅಸಲಿಗೆ ಅದು 2010ರಲ್ಲಿ ಟಿಬೆಟಿಯನ್ನರ ಸೀಮೆಯಲ್ಲಾದ ಭೂಕಂಪದ ಫೋಟೋ. ಆ ಭಿಕ್ಷುಗಳು ಸತ್ತವರ ಸಂಸ್ಕಾರಕ್ಕೆ ಬಂದವರು!

ಇಂಥ ಹೊತ್ತಿನಲ್ಲಿ ಸರ್ಕಾರ ಕೈಕಟ್ಟಿ ಕೂರಬೇಕೇ? ಬೇಡ. ಕೂರಲೂ ಇಲ್ಲ. ಐದಕ್ಕಿಂತ ಜಾಸ್ತಿ ಎಸ್ಸೆಮ್ಮೆಸ್ ಕಳಿಸದ ಹಾಗೆ ಮಿತಿ ಹಾಕಿದರು. ಇಪ್ಪತ್ತನೇ ತಾರೀಖು ರಂಜಾನ್ ಹಬ್ಬ. ಭಾಯಿ ಕತ್ತರಿ ಕೆಳಗಿಟ್ಟು, ಶುಭಾಶಯ ಯಾರಿಗೆ ಕಳಿಸಲಿ, ಯಾರನ್ನು ಬಿಡಲಿ ಅಂತ ಬೆರಳು ಮಡಚಿ ಎಣಿಸುತ್ತಿದ್ದರು. ಹೆಂಡತಿಯ ತಮ್ಮನನ್ನು ಬಿಟ್ಟರೆ ಹಬ್ಬ ಕೆಡುತ್ತದೆ ಅಂತ ಅವರ ಚಿಂತೆ. ನಗು ಬರುತ್ತದೆ, ಬರಲಿ. ಅಷ್ಟು ಕಷ್ಟವನ್ನು ಎಲ್ಲರೂ ತಡೆದುಕೊಂಡೆವು.

ನನ್ನ ತಕರಾರು ಬೇರೆ. ಜೊತೆಗೆ ವೆಬ್ ಪುಟಗಳನ್ನೂ ಮುಚ್ಚಿಸಿದರಲ್ಲ, ಆ ಪಟ್ಟಿಯನ್ನು ಜನರ ಮುಂದೆ ಇಡಲಿಲ್ಲ. ಹೇಗೋ ಸೋರಿಕೆಯಾಯಿತು. ನಮ್ಮ ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿಯವರು ಕೂತು ಎಣಿಸಿದರು. 309 ಇದ್ದವು. ಅದರಲ್ಲಿ ವದಂತಿ ಸುಳ್ಳು ಅಂತ ತೋರಿಸಿಕೊಟ್ಟ ಬರಹಗಳೂ ಇದ್ದವು! ಬೆಂಕಿ ಹಚ್ಚಿದವನ ಜೊತೆ ನೀರು ತಂದವನನ್ನೂ ಹಿಡಿದುಕೊಂಡು ಹೋದ ಹಾಗಾಯಿತು. ಪಟ್ಟಿ ಸೋರದಿದ್ದರೆ ಇದು ಯಾರಿಗೂ ತಿಳಿಯುತ್ತಿರಲಿಲ್ಲ.

ಒಂದು ಅಂಗಡಿ ಸೀಲ್ ಮಾಡುವಾಗ ಪಾಲಿಕೆಯವರು ಏನು ಮಾಡುತ್ತಾರೆ? ಶಟರ್ ಎಳೆದು, ಅದರ ಮೇಲೆ ನೋಟಿಸ್ ಅಂಟಿಸುತ್ತಾರೆ. ಯಾವ ಕಾನೂನು, ಯಾವ ಕಾರಣ, ಯಾವ ತಾರೀಖು, ಕೆಳಗೆ ಯಾರ ಸಹಿ. ದಾರಿಯಲ್ಲಿ ಹೋಗುವವನೂ ನಿಂತು ಓದಬಹುದು. ಅಂಗಡಿಯವನು ಅದನ್ನು ಹಿಡಿದು ಕೋರ್ಟಿಗೆ ಹೋಗಬಹುದು. ವೆಬ್‌ಸೈಟಿಗೆ ಶಟರ್ ಎಳೆದಾಗ ಆ ನೋಟಿಸ್ ಎಲ್ಲಿ?

ಸುಪ್ರೀಂ ಕೋರ್ಟ್ 69ಎ ಉಳಿಸಿದ್ದು ಯಾವ ನಂಬಿಕೆಯಿಂದ ಅಂತ ನೋಡಿ. ಕಾರಣವನ್ನು ಬರೆದಿಡಲೇಬೇಕು, ಹಾಗಾಗಿ ಹೈಕೋರ್ಟಿನಲ್ಲಿ ಪ್ರಶ್ನಿಸಬಹುದು ಅಂತ. ಆದರೆ 69ಎ ಜಾರಿಗೆ ಅಂತ ಮಾಡಿದ 2009ರ ನಿಯಮಗಳಲ್ಲಿ 16ನೇದು ಓದಿ. ದೂರು, ಅದರ ಮೇಲೆ ತೆಗೆದುಕೊಂಡ ಕ್ರಮ ಎಲ್ಲ ಗುಟ್ಟಾಗಿರಬೇಕು ಅನ್ನುತ್ತದೆ. ಬರೆದಿಟ್ಟದ್ದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರೆ ಪ್ರಶ್ನಿಸುವುದು ಹೇಗೆ?

ಮುಚ್ಚಿಸುವುದಕ್ಕೆ ಅಳತೆಗೋಲು ಇಲ್ಲದೆ ಇಲ್ಲ. ಚರ್ಚೆ ಬೇರೆ, ಪ್ರತಿಪಾದನೆ ಬೇರೆ, ಪ್ರಚೋದನೆ ಬೇರೆ ಅಂತ ಅದೇ ತೀರ್ಪು ಬಿಡಿಸಿ ಹೇಳಿದೆ. ಕೇಳಿದವರ ಮೈ ಉರಿದರೂ ಮೊದಲ ಎರಡಕ್ಕೆ ರಕ್ಷಣೆ ಇದೆ. 1989ರ ರಂಗರಾಜನ್ ತೀರ್ಪು ಇನ್ನೂ ಚೆನ್ನಾಗಿ ಹೇಳಿತು: ಮಾತನ್ನು ತಡೆಯಬೇಕಾದರೆ ಅದು ಮದ್ದಿನ ಪೀಪಾಯಿಗೆ ಬಿದ್ದ ಕಿಡಿಯಂತಿರಬೇಕು. 2012ರ ಆಗಸ್ಟ್‌ನಲ್ಲಿ ಪೀಪಾಯಿಯೂ ಇತ್ತು, ಕಿಡಿಯೂ ಇತ್ತು. ಹಾಗಾಗಿ ಮುಚ್ಚಿದ್ದಕ್ಕೆ ನನ್ನ ಬೇಸರ ಇಲ್ಲ. ನೋಟಿಸ್ ಅಂಟಿಸದ್ದಕ್ಕೆ ಇದೆ.

ಅಧ್ಯಕ್ಷರಿಂದ ಚೀಟಿ ಬಂತು. ‘ಐದು ನಿಮಿಷ, ಮುಂದಿನ ಗೋಷ್ಠಿ ಇದೆ’. ಕಾರಣವನ್ನೂ ಬರೆದು ಸಹಿ ಹಾಕಿದ್ದಾರೆ. ನಾನು ಕೇಳುತ್ತಿರುವುದೂ ಇಷ್ಟೇ!

ಬೇಗ ಹೇಳುತ್ತೇನೆ. 2019ರ ಮಾರ್ಚ್‌ನಲ್ಲಿ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ಮಸೀದಿಗಳಲ್ಲಿ 51 ಜನರನ್ನು ಕೊಂದವನು ಹೊರಡುವ ಮೊದಲು ಹೇಳಿಕೊಂಡದ್ದು 8ಚಾನ್ ಅನ್ನುವ ವೆಬ್‌ಸೈಟಿನಲ್ಲಿ. ಆಗಸ್ಟ್‌ನಲ್ಲಿ ಅಮೆರಿಕದ ಎಲ್ ಪಾಸೋದಲ್ಲಿ ಮತ್ತೆ ಹತ್ಯಾಕಾಂಡ, ಮತ್ತೆ ಅದೇ ವೆಬ್‌ಸೈಟಿನ ಹೆಸರು. ಆಮೇಲೆ ಕ್ಲೌಡ್‌ಫ್ಲೇರ್ ಅನ್ನುವ, ವೆಬ್‌ಸೈಟುಗಳನ್ನು ದಾಳಿಯಿಂದ ಕಾಯುವ ಕಂಪನಿ ಅದಕ್ಕೆ ಸೇವೆ ನಿಲ್ಲಿಸಿತು. ಯಾಕೆ ಅಂತ ಬಹಿರಂಗವಾಗಿ ಬರೆಯಿತು. ಕೆಲವೇ ತಿಂಗಳಲ್ಲಿ ಆ ವೆಬ್‌ಸೈಟು 8ಕುನ್ ಅಂತ ಹೆಸರು ಬದಲಿಸಿಕೊಂಡು ಬಂತು. ಮುಚ್ಚಿಸಿದರೆ ಕೆಲಸ ಮುಗಿಯಿತು ಅಂದುಕೊಂಡವರು ಇದನ್ನು ನೋಡಬೇಕು. ಹೀಗೆ ಮುಚ್ಚುವ ತೀರ್ಮಾನ ಕಂಪನಿಗಳದ್ದಾಗಬೇಕೇ ಅಂತಲೂ ಮಾತಾಡಬೇಕಿತ್ತು. ಇವತ್ತು ಆಗುವುದಿಲ್ಲ.

ಕೊನೆಯದಾಗಿ ಅನುರಾಧಾ ಭಾಸಿನ್ ಪ್ರಕರಣ, 2020ರ ಜನವರಿ. ಇಂಟರ್ನೆಟ್ ಬಂದ್ ಮಾಡುವ ಆದೇಶವನ್ನು ಪ್ರಕಟಿಸಲೇಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿತು. ಇಡೀ ಊರಿನ ಇಂಟರ್ನೆಟ್ ನಿಲ್ಲಿಸಲು ನೋಟಿಸ್ ಬೇಕು ಅಂದಮೇಲೆ ಒಂದು ವೆಬ್‌ಸೈಟ್ ಮುಚ್ಚಲು ಯಾಕೆ ಬೇಡ? ನಿಮ್ಮಲ್ಲಿ ಯಾರಾದರೂ ಈ ವರ್ಷದ ಮೂಟ್ ಕೋರ್ಟಿಗೆ, ಅಂದರೆ ಅಣಕು ನ್ಯಾಯಾಲಯದ ವಾದಕ್ಕೆ, ಇದನ್ನೇ ತೆಗೆದುಕೊಳ್ಳಿ. 16ನೇ ನಿಯಮದ ಪರವಾಗಿ ವಾದಿಸುವವರೂ ಗಟ್ಟಿಗರಿರಲಿ. ನಾನು ಬಂದು ಕೇಳುತ್ತೇನೆ.

ಪ್ರಶ್ನೆಗೆ ಎರಡು ನಿಮಿಷ ಇದೆ ಅನ್ನಿಸುತ್ತದೆ. ಹಿಂದಿನ ಬೆಂಚಿನಲ್ಲಿ ಆಗಿನಿಂದ ಕೈ ಎತ್ತಿದ್ದೀಯಲ್ಲಮ್ಮಾ, ನೀನು ಕೇಳು.