ಅಂಗನವಾಡಿಯಲ್ಲಿ ಕತೆ ಅರ್ಧಕ್ಕೆ ನಿಲ್ಲೋದು ಯಾಕೆ?

[ದೃಶ್ಯ: ಸಕಲೇಶಪುರದ ಕಡೆಯ ಕಾಫಿ ತೋಟದ ದಾರಿ, ಜಿಟಿಜಿಟಿ ಮಳೆ]

ನಮಸ್ಕಾರ. ಮಗು ಅಂಗನವಾಡಿಯಿಂದ ಬಂತು. ಮನೆಯವರ ಮೊದಲ ಪ್ರಶ್ನೆ, "ಇವತ್ತು ಏನು ಬರೆಸಿದ್ರು?" ಅಲ್ವಾ? ಬರೀ ಆಟ ಅಂದರೆ ಮುಗೀತು. ಮುಂದಿನ ಜೂನ್‌ಗೆ ಅದೇ ಮಗು ಟೈ ಕಟ್ಟಿಕೊಂಡು ಕಾನ್ವೆಂಟ್ ವ್ಯಾನ್ ಹತ್ತಿರುತ್ತದೆ.

ಆಡಿಸಿ ಅಂತ ಹೇಳುವುದೇ ಪಠ್ಯಕ್ರಮ. 2022ರ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನಲ್ಲಿ 3ರಿಂದ 8 ವರ್ಷದವರಿಗೆ ಆಟದ ಮೂಲಕವೇ ಕಲಿಕೆ. ನಮ್ಮ ಅಂಗನವಾಡಿ ಟೀಚರ್‌ಗಳ ಕೈಪಿಡಿ 'ಚಿಲಿಪಿಲಿ'ಯಲ್ಲೂ ಹಾಡು, ಕತೆ, ಆಟಗಳೇ. ಪುಸ್ತಕ ಚೆನ್ನಾಗಿಯೇ ಇದೆ. ಅದನ್ನು ಬಿಚ್ಚೋಕೆ ಪುರುಸೊತ್ತು ಬೇಕಲ್ಲ!

[ದೃಶ್ಯ: ತೂಕದ ಯಂತ್ರ, ರಿಜಿಸ್ಟರ್‌ಗಳು, ಮೊಬೈಲ್]

1975ರ ಅಕ್ಟೋಬರ್ 2ರಂದು ಐಸಿಡಿಎಸ್, ಅಂದರೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ, ಶುರುವಾದಾಗಿನಿಂದ ಅಂಗನವಾಡಿಗೆ ಆರು ಸೇವೆಗಳ ಹೊಣೆ. ಪಾಠ ಅದರಲ್ಲಿ ಒಂದು ಮಾತ್ರ. ಟೀಚರ್ ಕತೆಗೆ ಕೂತಿದ್ದಾರೆ ಅಂದುಕೊಳ್ಳಿ. ಬಾಯಾರಿದ ಕಾಗೆ ಹೂಜಿಗೆ ಇನ್ನೂ ಮೊದಲ ಕಲ್ಲು ಹಾಕಿಲ್ಲ, ಯಾರೋ ರೇಷನ್‌ಗೆ ಬಂದರು. ಆಮೇಲೆ ಮಕ್ಕಳ ತೂಕವನ್ನು ಮೊಬೈಲಿನ ಪೋಷಣ್ ಟ್ರ್ಯಾಕರ್ ಆ್ಯಪ್‌ಗೆ ಹಾಕಬೇಕು. ನೆಟ್‌ವರ್ಕ್ ಹುಡುಕಿಕೊಂಡು ಅಂಗಳಕ್ಕೆ ಓಡಬೇಕು. ಕಾಗೆ ಬಾಯಾರಿಕೊಂಡೇ ಕೂತಿರುತ್ತದೆ.

[ದೃಶ್ಯ: ತೋಟದ ಕೆಲಸಗಾರರ ಲೈನ್ ಮನೆಗಳು]

ನನಗೆ ಇದಕ್ಕಿಂತ ಕಷ್ಟ ಅನ್ನಿಸೋದು ಭಾಷೆ. ಚಿಕ್ಕಮಗಳೂರು, ಸಕಲೇಶಪುರದ ತೋಟಗಳಿಗೆ ಈಗ ಅಸ್ಸಾಂನಿಂದಲೂ ಕೆಲಸಕ್ಕೆ ಬರುತ್ತಾರೆ. ಮಕ್ಕಳಿಗೆ ಮನೆಮಾತಿನಲ್ಲೇ ಕಲಿಸಿ ಅನ್ನುತ್ತದೆ ಚೌಕಟ್ಟು. ಟೀಚರ್‌ಗೆ 'ಪಾನಿ' ಗೊತ್ತು. ಮಗು ಹೊಟ್ಟೆನೋವು ಅಂತ ಅತ್ತರೆ? ವರ್ಣಮಾಲೆ ಆಮೇಲೆ ಇರಲಿ. ನೋವು, ಹಸಿವು, ಭಯ, ಒಂದಕ್ಕೆ, ಇಂಥ ಹತ್ತು ಮಾತನ್ನು ತಾಯಂದಿರಿಂದ ಕೇಳಿ ಗೋಡೆಗೆ ಬರೆದಿಟ್ಟರೂ ದೊಡ್ಡ ಕೆಲಸ.

ಅಷ್ಟರಲ್ಲಿ ಕಾಫಿ ಹಣ್ಣಿನ ಕೊಯ್ಲು ಮುಗಿಯುತ್ತದೆ, ಸಂಸಾರವೇ ಊರು ಬಿಡುತ್ತದೆ. ಜುಲೈನಲ್ಲಿ ಮಳೆ ರಜೆ. ಆನೆ ಬಂದಿದೆ ಅಂತ ಸುದ್ದಿಯಾದರೆ ಮಕ್ಕಳನ್ನು ಯಾರೂ ಹೊರಗೆ ಬಿಡುವುದಿಲ್ಲ, ಅದು ಸರಿಯೇ. ಹಾಗಾಗಿ ಹೋದ ವಾರದ ಪಾಠದ ಮೇಲೆ ಈ ವಾರದ್ದನ್ನು ಕಟ್ಟುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಇವತ್ತಿನ ಆಟ ಇವತ್ತಿಗೇ ಮುಗಿಯುವಂತಿರಬೇಕು.

[ದೃಶ್ಯ: ತಟ್ಟೆಯಲ್ಲಿ ಕಾಫಿ ಬೀಜ, ಪುಟ್ಟ ಬೆರಳುಗಳು]

ಬರೆಸಲಿಲ್ಲ ಅನ್ನುವ ಅಪ್ಪ ಅಮ್ಮಂದಿರನ್ನು ಒಂದು ದಿನ ಕರೆದು ಪಕ್ಕದಲ್ಲೇ ಕೂರಿಸಿ. ಮಗು ದಪ್ಪ ಬೀಜ, ಸಣ್ಣ ಬೀಜ ಬೇರೆ ಮಾಡಲಿ. (ಮೂಗಿಗೆ ಹಾಕಿಕೊಳ್ಳದ ಹಾಗೆ ನೋಡಿಕೊಳ್ಳಿ, ಹಾಕಿಕೊಳ್ತವೆ!) ಹೆಬ್ಬೆರಳು, ತೋರುಬೆರಳು ಸೇರಿಸಿ ಬೀಜ ಎತ್ತುವ ಆ ಹಿಡಿತವೇ ನಾಳೆ ಪೆನ್ಸಿಲ್ ಹಿಡಿತ. ಇದನ್ನು ಬಾಯಲ್ಲಿ ಹೇಳುವುದಕ್ಕಿಂತ ಕಣ್ಣಿಗೆ ಕಾಣಿಸುವುದು ಸುಲಭ.

ಇನ್ನೊಂದು, ಊರಿನವರಿಗೆ: ರೇಷನ್ ತರೋಕೆ ಹೋಗುವುದಿದ್ದರೆ ಕತೆ ಮುಗಿಯೋವರೆಗೆ ಬಾಗಿಲಲ್ಲೇ ಸ್ವಲ್ಪ ನಿಲ್ಲಿ. ಕಾಗೆ ನೀರು ಕುಡಿಯಲಿ.