ಯೂನಿವರ್ಸಿಟಿ ಲಾ ಆಫೀಸರ್ ಏನ್ ಕೆಲಸ ಮಾಡ್ತಾರ? ಕೋರ್ಟಿಗಿಂತ ಮೊದಲಿನ ಕಥಿ

ನಮಸ್ಕಾರ್ರಿ ಎಲ್ಲಾರಿಗೂ. ಎಲ್‌ಎಲ್‌ಬಿ ಮುಗಿಸಿದ ಹುಡುಗ್ರು ಭಾಳ ಮಂದಿ ಕೇಳ್ತಾರ, ಸರ್ ಯೂನಿವರ್ಸಿಟಿಯೊಳಗ ಲಾ ಆಫೀಸರ್ ಅಂತ ಇರ್ತಾರಲ್ಲ, ಅವ್ರು ದಿನಾ ಕೋರ್ಟಿಗೆ ಹೋಗಿ ವಾದ ಮಾಡ್ತಾರೇನು ಅಂತ.

ಇಲ್ರಿ. ವಕೀಲರಿಗೆ ನಿಯಮ ಮಾಡೋ ಬಾರ್ ಕೌನ್ಸಿಲ್ ಆಫ್ ಇಂಡಿಯಾದ 49ನೇ ನಿಯಮ ಅದ, ಫುಲ್ ಟೈಮ್ ಪಗಾರದ ನೌಕರಿ ಹಿಡಿದ್ರ ವಕೀಲಿ ಬಿಡಬೇಕು. ಕೋರ್ಟಿನಾಗ ನಿಂತು ವಾದ ಮಾಡೋರು ಪ್ಯಾನೆಲ್ ಅಡ್ವೊಕೇಟ್, ಅಂದ್ರ ಯೂನಿವರ್ಸಿಟಿ ಗೊತ್ತು ಮಾಡಿದ ಹೊರಗಿನ ವಕೀಲರು, ಅವ್ರ ಕೈಗೆ ಫೈಲ್ ತಯಾರ್ ಮಾಡಿ ಕೊಡೋರು ಲಾ ಆಫೀಸರ್.

ಸರ್ಕಾರಿ ಯೂನಿವರ್ಸಿಟಿ ಸಂವಿಧಾನದ 12ನೇ ವಿಧಿಯೊಳಗ ‘ಪ್ರಭುತ್ವ’ ಅಂತ ಬರ್ತದ, ಅದಕ್ಕ 226ನೇ ವಿಧಿ ಕೆಳಗ ಯಾರ್ ಬೇಕಾದ್ರೂ ತಮಗಾದ ಅನ್ಯಾಯಕ್ಕ ರಿಟ್, ಅಂದ್ರ ನೇರ ಹೈಕೋರ್ಟಿಗೆ ಅರ್ಜಿ, ಹಾಕಬಹುದು. ರಿಸಲ್ಟ್ ತಡೆ ಹಿಡಿದದ್ದು, ಸೀನಿಯಾರಿಟಿ, ರಿಟೈರ್ ಆದವರ ಪೆನ್ಷನ್, 371ಜೆ (ನಮ್ಮ ಕಲ್ಯಾಣ ಕರ್ನಾಟಕದ ವಿಶೇಷ ವಿಧಿ) ಮೀಸಲಾತಿ ನೇಮಕಾತಿ, ಎಲ್ಲಾ ಬರ್ತಾವ. ಮೊದ್ಲು ಇದಕ್ಕೆಲ್ಲ ಬೆಂಗಳೂರಿಗೇ ಓಡಬೇಕಿತ್ತು, 2008ರಾಗ ಕಲಬುರಗಿಗೆ ಹೈಕೋರ್ಟಿನ ಸರ್ಕ್ಯೂಟ್ ಬೆಂಚ್ (ಸಂಚಾರಿ ಪೀಠ) ಬಂತು, 2013ರಾಗ ಅದು ಕಾಯಂ ಆಯ್ತು, ಈಗ ಬೀದರ್ ಯಾದಗಿರಿ ಹುಡುಗ್ರೂ ಇಲ್ಲೇ ಬಂದು ಕೇಸ್ ಹಾಕ್ತಾರ. ಅದು ಛಲೋನೇ ಆತು.

(ಸ್ಕ್ರೀನ್ ಮ್ಯಾಲ ಒಂದು ಫೈಲ್, ಕೆಂಪು ದಾರ ಕಟ್ಟಿದ್ದು)

ಈಗ ನಾ ಲಾ ಆಫೀಸರ್ ಇದ್ದಾಗ ಕಣ್ಣಾರೆ ನೋಡಿದ್ದು ಹೇಳ್ತೀನಿ, ಯೂನಿವರ್ಸಿಟಿ ಹೆಸರು ಬ್ಯಾಡ. ಒಬ್ಬ ಹುಡುಗಿ ಪರೀಕ್ಷಾದಾಗ ಚೀಟಿ ಇಟ್ಕೊಂಡಾಳ ಅಂತ ಡಿಬಾರ್ ಮಾಡಿದ್ರು (ಪರೀಕ್ಷಾ ಬರಿಲಿಕ್ಕೆ ಬಿಡಲಿಲ್ಲ), ಆಕಿ ರಿಟ್ ಹಾಕಿದ್ಲು. ಪೆಟಿಷನ್ ಕಾಪಿ ಬಂದ ಮ್ಯಾಲ ನಮ್ಮ ಕೆಲಸ ಏನಂದ್ರ ಪ್ಯಾರಾವೈಸ್ ರಿಮಾರ್ಕ್ಸ್ ಬರಿಯೋದು, ಅಂದ್ರ ಆಕಿ ಒಂದೊಂದು ಪ್ಯಾರಾದಾಗ ಹೇಳಿದ್ದಕ್ಕ ದಾಖಲೆ ಸಮೇತ ಉತ್ತರ. ಪರೀಕ್ಷಾ ವಿಭಾಗಕ್ಕ ಹೋಗಿ ಫೈಲ್ ಬಿಚ್ಚಿ ನೋಡ್ತೀನಿ, ಆಕಿಗೆ ಕೊಟ್ಟ ನೋಟಿಸಿನ ತಾರೀಖೂ ಡಿಬಾರ್ ಆರ್ಡರಿನ ತಾರೀಖೂ ಒಂದೇ! ಉತ್ತರ ಕೊಡ್ಲಿಕ್ಕೆ ಒಂದು ದಿನಾನೂ ಟೈಮ್ ಕೊಟ್ಟಿಲ್ಲ, ಸಿಕ್ಕ ಚೀಟಿ ಒಂದು ಪಿನ್ ಚುಚ್ಚಿ ಹಿಂದ ಇಟ್ಟಾರ, ಅದರ ಮ್ಯಾಲ ಆಕಿ ಸಹಿ ಇಲ್ಲ, ಹಾಲ್ ಮೇಲ್ವಿಚಾರಕರದೂ ಇಲ್ಲ.

ಇಂಥಾ ಕಡೆ ಲಾ ಆಫೀಸರ್ ಏನ್ ಮಾಡ್ತಾರ ಅನ್ನೋದೇ ಮುಖ್ಯ ನೋಡ್ರಿ. ಹೆಂಗರೆ ಮಾಡಿ ಗೆಲ್ಲಿಸ್ರಿ ಅಂತ ಮ್ಯಾಲಿಂದ ಹೇಳ್ತಾರ, ಖರೇ, ಆದ್ರ ನಾ ಟಿಪ್ಪಣಿಯೊಳಗ ಬರದೆ, ಇದ್ರಾಗ ಸಹಜ ನ್ಯಾಯ, ಅಂದ್ರ ಆಕಿ ಮಾತೂ ಕೇಳಿ ತೀರ್ಮಾನ ಮಾಡೋ ತತ್ವ, ಪಾಲಿಸಿಲ್ಲ, ಆರ್ಡರ್ ವಾಪಸ್ ತಗೊಂಡು ಹೊಸದಾಗಿ ವಿಚಾರಣೆ ಮಾಡೋದು ಛಲೋ ಅಂತ. ಮ್ಯಾಲಿನವ್ರು ಒಪ್ಪಿ ಅದನ್ನ ಕೋರ್ಟಿಗೂ ತಿಳಿಸಿದ್ರು. ಮತ್ತೊಮ್ಮೆ ನೋಟಿಸ್ ಕೊಟ್ಟು ಕರೆದಾಗ ಆ ಹುಡುಗಿ ಅಪ್ಪನ ಜೋಡಿ ಬಂದು ತನ್ನ ಪ್ರಾಕ್ಟಿಕಲ್ ನೋಟ್‌ಬುಕ್ ಸಮಿತಿ ಮುಂದ ಇಟ್ಲು, ಚೀಟಿ ಅಕ್ಷರ ಆಕಿದಲ್ಲ! ನನ್ನ ಕ್ಲೈಂಟ್ ಯೂನಿವರ್ಸಿಟಿ, ಆಕಿ ಅಲ್ಲ, ಆದ್ರ ಯೂನಿವರ್ಸಿಟಿ ಇರೋದೇ ಅಂಥಾ ಮಕ್ಕಳಿಗಾಗಿ, ಅದನ್ನ ಮರೆತ್ರ ನಾವು ಕುರ್ಚಿಗೆ ದಂಡ ಅಂತ ನನ್ನ ಮನಸಿಗೆ ಖಂಡಿತ ಅನಸ್ತದ.

ಇನ್ನ ಆರ್‌ಟಿಐ, ಅಂದ್ರ ಮಾಹಿತಿ ಹಕ್ಕು. ಉತ್ತರ ಪತ್ರಿಕೆ ತೋರಿಸ್ರಿ ಅಂತ ಅರ್ಜಿ ಬರ್ತಾವ, ಕೆಲವು ಕಡೆ ಗೋಪ್ಯ ಅಂತ ಹೇಳಿ ಕಳಸ್ತಾರ, ತಪ್ಪು ಅದು, 2011ರಾಗೇ ಸುಪ್ರೀಂ ಕೋರ್ಟ್ ಹೇಳೇದ, ವಿದ್ಯಾರ್ಥಿ ತನ್ನ ಉತ್ತರ ಪತ್ರಿಕೆ ನೋಡಬಹುದು ಅಂತ. 30 ದಿನದೊಳಗ ಉತ್ತರ ಹೋಗಬೇಕು.

ಎಲ್ಲಕ್ಕಿಂತ ಅಂಜಿಕಿ ಇರೋದು ಕಂಟೆಂಪ್ಟಿಗೆ, ಅಂದ್ರ ನ್ಯಾಯಾಂಗ ನಿಂದನೆಗೆ. ಎರಡು ತಿಂಗಳೊಳಗ ಪೆನ್ಷನ್ ತೀರ್ಮಾನ ಮಾಡ್ರಿ ಅಂತ ಕೋರ್ಟ್ ಆರ್ಡರ್ ಮಾಡಿರ್ತದ, ಆ ಕಾಪಿ ಟಪಾಲು ಬರೋ ಇನ್‌ವರ್ಡ್ ಟೇಬಲ್ ಮ್ಯಾಲೇ ಬಿದ್ದಿರ್ತದ, ಆ ಆರ್ಡರಿನ ಮ್ಯಾಲ ರಿಟ್ ಅಪೀಲ್ ಹಾಕೋ 30 ದಿನಾನೂ ದಾಟಿ ಹೋಗ್ತದ, ಆಮ್ಯಾಲ ಕುಲಸಚಿವರು ಕೋರ್ಟಿನಾಗ ಕೈಕಟ್ಟಿ ನಿಲ್ಲಬೇಕಾಗ್ತದ. ಅದಕ್ಕ ನಾ ಒಂದು ಉದ್ದನ ರಿಜಿಸ್ಟರ್ ಇಟ್ಟಿದ್ದೆ, ಆರ್ಡರ್ ಬಂದ ದಿನ ಕಪ್ಪು ಪೆನ್ನು, ಮುಗಿಯೋ ದಿನ ಕೆಂಪು ಪೆನ್ನು, ದಿನಾ ಮುಂಜಾನೆ ಮೊದ್ಲು ಅದನ್ನೇ ತೆಗಿಯೋದು.

ಈ ಕೆಲಸಕ್ಕ ಬರೋರು ಮೊದ್ಲು ಆ ಯೂನಿವರ್ಸಿಟಿ ಕಾಯ್ದೆ ಓದ್ರಿ. ಗುಲಬರ್ಗಾ ವಿವಿಗೆ ರಾಜ್ಯದ 2000ದ ಕಾಯ್ದೆ, ಕಡಗಂಚಿ ಕೇಂದ್ರೀಯ ವಿವಿಗೆ 2009ರ ಕೇಂದ್ರದ ಕಾಯ್ದೆ, ಬೀದರಿನ ಪಶು ವಿವಿಗೆ ಮತ್ತ ಬ್ಯಾರೇನೇ ಅದ. ಕನ್ನಡ ಟಿಪ್ಪಣಿ ಬರಿಯೋದೂ ಕಲೀರಿ, ಯಾಕಂದ್ರ ಆಫೀಸ್ ಫೈಲ್ ಕನ್ನಡದಾಗ ನಡೀತದ, ಹೈಕೋರ್ಟಿಗೆ ನಾವು ಹಾಕೋ ಆಕ್ಷೇಪಣೆ ಇಂಗ್ಲಿಷಿನಾಗ ಹೋಗ್ತದ, ಎರಡರ ನಡುವ ಕೂತಿರೋರು ನೀವೇ.